ದೂರಿನ ಪೆಟ್ಟಿಗೆಯ ಮೊದಲ ಕಾಗದ

ಕಡತದಕ್ಕನಿಗೆ ಹೊಟ್ಟೆಕಿಚ್ಚು ಹತ್ತಿಕೊಂಡದ್ದು ಒಂದು ಕುರ್ಚಿಯ ವಿಷಯದಲ್ಲಿ.

ರಾಷ್ಟ್ರೀಯ ಪರಿಸರ ನಿಧಿಯ ಕಚೇರಿಯಲ್ಲಿ ಅವಳಿಗೆ ಆ ಹೆಸರು ಬಿದ್ದು ಒಂಬತ್ತು ವರ್ಷವಾಗಿತ್ತು. ಅದರಲ್ಲಿ ಕಡೆಯ ಮೂರು ವರ್ಷವನ್ನು ಅವಳು ಒಂದೇ ಅರ್ಜಿಗೆ ಸುರಿದಿದ್ದಳು. ಹವಾಮಾನಕ್ಕೆಂದು ಹೊರದೇಶಗಳು ಕೊಡುವ ಹಣ ಬರಬೇಕಾದರೆ ಅಂತರರಾಷ್ಟ್ರೀಯ ನಿಧಿಯ ಮಾನ್ಯತೆ ಬೇಕು. ಮಾನ್ಯತೆ ಬೇಕಾದರೆ ಇನ್ನೂರ ಹದಿನಾಲ್ಕು ಪ್ರಶ್ನೆಗಳಿಗೆ ಉತ್ತರ ಕೊಡಬೇಕು: ನಿಯಮಗಳಿವೆಯೇ, ಪಾಲಿಸುತ್ತೀರಾ, ಸಾಕ್ಷಿ ಎಲ್ಲಿ? ಕಡತದಕ್ಕ ಎಲ್ಲಕ್ಕೂ ಬರೆದಳು. ಹನ್ನೊಂದು ಕಡತ. ಪ್ರತಿ ಹಾಳೆಯ ಬಲಮೂಲೆಯಲ್ಲಿ ಅವಳದೇ ಕೈಯ, ಮುತ್ತು ಪೋಣಿಸಿದಂಥ ಅಂಕಿ.

ಒಂದೇ ಒಂದು ಉತ್ತರ ವಾಪಸು ಬಂದಿತ್ತು. ‘ನಿಮ್ಮ ದೂರಿನ ಪೆಟ್ಟಿಗೆಗೆ ಬಂದ ದೂರುಗಳನ್ನು ಹೇಗೆ ಬಗೆಹರಿಸಿದಿರಿ?’ ಎಂಬುದಕ್ಕೆ ಅವಳು ಹೆಮ್ಮೆಯಿಂದ ‘ಈವರೆಗೆ ಒಂದೂ ದೂರು ಬಂದಿಲ್ಲ’ ಎಂದು ಬರೆದಿದ್ದಳು. ‘ಅದೇ ನಮ್ಮ ಅನುಮಾನ’ ಎಂದು ಅವರು ತಿರುಗಿ ಬರೆದಿದ್ದರು.

ತಪಾಸಣಾ ತಂಡ ಬರುವುದೊಂದೇ ಬಾಕಿ ಅನ್ನುವಾಗ ಹೊಸಬಳು ಸೇರಿದಳು. ಅವಳು ಬಂದು ಎಂಟು ತಿಂಗಳಾಗಿತ್ತಷ್ಟೇ. ನಿರ್ದೇಶಕರು ಸಭೆಯಲ್ಲಿ ಹೇಳಿಯೇಬಿಟ್ಟರು:

“ತಂಡದ ಎದುರು ಈಕೆ ಕೂತ್ಕೊಳ್ಳಲಿ, ಮಾತು ಚೆನ್ನಾಗಿದೆ. ಅಕ್ಕ, ನೀವು ಪಕ್ಕದ ಕೋಣೇಲಿರಿ. ಕೇಳಿದ ಕಡತ ತಂದುಕೊಡೋರು ಬೇಕಲ್ಲ.”

ತಂದುಕೊಡೋರು! ಆ ಮಾತು ಅವಳ ಗಂಟಲಲ್ಲಿ ಮೀನಿನ ಮುಳ್ಳಿನಂತೆ ನಿಂತಿತು. ಹೊಸಬಳ ನಗು, ಅವಳು ಫೋನಿನಲ್ಲಿ ಎರಡು ಭಾಷೆಯಲ್ಲಿ ಹರಟುವುದು, ಅವಳ ಹಳದಿ ಛತ್ರಿ, ಎಲ್ಲವೂ ಕಣ್ಣು ಚುಚ್ಚತೊಡಗಿದವು. ಮನೆಯಲ್ಲಿ ಊಟಕ್ಕೆ ಕೂತರೂ ಅದೇ ಪುರಾಣ. ಗಂಡನಿಗೆ ಕನ್ನಡಕದ ಅಂಗಡಿ.

“ನಾಳೆ ಅಂಗಡಿಗೆ ಬಾರೇ. ನಿನ್ನ ಕಣ್ಣಿನ ನಂಬರ್ ಬದಲಾಗಿದೆ. ಆ ಹುಡುಗಿಯೊಬ್ಬಳೇ ದೊಡ್ಡದಾಗಿ ಕಾಣ್ತಿದ್ದಾಳೆ, ಮಿಕ್ಕಿದ್ದೆಲ್ಲ ಮಸುಕು.”

“ನಿಮಗೆಲ್ಲ ತಮಾಷೆ” ಎಂದು ಅವಳು ತಟ್ಟೆ ಎತ್ತಿಕೊಂಡು ಎದ್ದಳು.

ಆ ವಾರವೇ ಹೊಸಬಳ ಒಂದು ಪತ್ರ ಅವಳ ಮೇಜಿನ ಮೇಲೆ ಹಾದುಹೋಯಿತು. ಅಳಿವೆಯ ದಂಡೆಯಲ್ಲಿ ನಿಧಿಯವರು ಗಿಡ ನೆಟ್ಟು ಬೇಲಿ ಹಾಕುವುದಿತ್ತು. ಅದಕ್ಕೆ ಊರವರ ಅಭಿಪ್ರಾಯ ಕೇಳುವ ಸಭೆ, ಮಂಗಳವಾರ ಹನ್ನೊಂದು ಗಂಟೆಗೆ. ಕಡತದಕ್ಕನ ತವರು ಆ ದಂಡೆಯೇ. ಆ ಮಂಗಳವಾರ ಹನ್ನೊಂದಕ್ಕೆ ಅಲ್ಲಿ ನೀರಿಳಿದಿರುತ್ತದೆ, ಹೆಂಗಸರೆಲ್ಲ ಮೊಣಕಾಲುದ್ದ ಕೆಸರಿನಲ್ಲಿ ಚಿಪ್ಪು ಹೆಕ್ಕುತ್ತಿರುತ್ತಾರೆ, ಸಭೆಗೆ ಒಬ್ಬಳೂ ಬರಲಾರಳು ಎಂದು ಅವಳಿಗೆ ಗೊತ್ತಿತ್ತು. ಒಂದು ಮಾತು ಹೇಳಿದ್ದರೆ ಸಾಕಿತ್ತು. ಅವಳು ಪತ್ರಕ್ಕೆ ಮೊಹರು ಒತ್ತಿ ಮುಂದೆ ತಳ್ಳಿದಳು.

ಅಂದುಕೊಂಡಂತೆಯೇ ಆಯಿತು. ಹಾಜರಿ ಪಟ್ಟಿಯಲ್ಲಿ ಇಪ್ಪತ್ತೆರಡು ಸಹಿ, ಎಲ್ಲ ಗಂಡಸರದೇ. ಕಡತದಕ್ಕ ಗಂಡನ ಅಂಗಡಿಯ ಕಂಪ್ಯೂಟರಿನಲ್ಲಿ ಒಂದು ಪುಟದ ದೂರು ಟೈಪು ಮಾಡಿದಳು: ಚಿಪ್ಪು ಹೆಕ್ಕುವ ಹೆಂಗಸರನ್ನು ಕೇಳದೆ ಅವರ ದಾರಿಗೇ ಬೇಲಿ ಹಾಕುತ್ತಿದ್ದಾರೆ, ಸಭೆ ನಡೆಸಿದಾಕೆಗೆ ಊರಿನ ಗಂಧಗಾಳಿ ಇಲ್ಲ. ಹೆಸರು ಹಾಕಲಿಲ್ಲ. ಕಚೇರಿಯ ಬಾಗಿಲಲ್ಲಿ ಮೂರು ವರ್ಷದಿಂದ ಬಾಯಿ ತೆರೆದುಕೊಂಡಿದ್ದ ಪೆಟ್ಟಿಗೆಯೊಳಗೆ ಬಿಟ್ಟಳು. ಇನ್ನು ನೋಡೋಣ, ಆ ಕುರ್ಚಿಯಲ್ಲಿ ಯಾರು ಕೂರುತ್ತಾರೋ.

ಪೆಟ್ಟಿಗೆ ತೆರೆದ ದಿನ ನಿರ್ದೇಶಕರು ಕುಣಿದಾಡುವುದೊಂದು ಬಾಕಿ.

“ದೂರು ಬಂತು ಕಣ್ರೀ! ಕೊನೆಗೂ ಒಂದು ದೂರು!”

ಕಡತದಕ್ಕನ ಕೈಯಲ್ಲಿದ್ದ ಮೊಹರು ಹಾಗೇ ನಿಂತಿತು. ವಾಪಸು ಬಂದಿದ್ದ ಆ ಪ್ರಶ್ನೆ ಅವಳಿಗೆ ನೆನಪಾದದ್ದೇ ಆಗ. ಬೆಂಕಿ ಹಚ್ಚಲು ಹೋಗಿ ದೀಪ ಹಚ್ಚಿಕೊಟ್ಟಿದ್ದಳು.

ಹೊಸಬಳು ಕೈಕಟ್ಟಿ ಕೂರಲಿಲ್ಲ. ಮತ್ತೆ ಮತ್ತೆ ಅಳಿವೆಗೆ ಹೋದಳು. ತಂಡ ಬರುವ ಹಿಂದಿನ ದಿನ ಮಧ್ಯಾಹ್ನ ತೆಳ್ಳಗಿನ ಒಂದು ಕಡತ ತಂದು ಮೇಜಿನ ಮೇಲಿಟ್ಟಳು.

“ಅಕ್ಕಾ, ಇದಕ್ಕೆ ಪುಟದ ಅಂಕಿ ಹಾಕಿಕೊಡ್ತೀರಾ? ನಿಮ್ಮಷ್ಟು ಚೆನ್ನಾಗಿ ನನಗೆ ಬರಲ್ಲ.”

“ಇಡು.”

“ಎರಡರಿಂದ ಶುರು ಮಾಡಿದ್ರೆ ಸಾಕು. ಮೊದಲ ಹಾಳೆಗೆ ಆಗಲೇ ಬಿದ್ದಿದೆ.”

ಅವಳು ಹೋದ ಮೇಲೆ ಕಡತದಕ್ಕ ತೆರೆದು ನೋಡಿದಳು. ಮೇಲಿದ್ದದ್ದು ತಾನೇ ಟೈಪು ಮಾಡಿದ ದೂರು. ಬಲಮೂಲೆಯಲ್ಲಿ, ನೀಲಿ ಶಾಯಿಯಲ್ಲಿ, ಮುತ್ತಿನಂಥ ಒಂದು ‘1’. ಯಾವಾಗ ಹಾಕಿದ್ದಳೋ! ಕೈ ತನ್ನ ಪಾಡಿಗೆ ತಾನು ಹಾಕಿಬಿಟ್ಟಿತ್ತು. ಅಂದರೆ ಆ ಹುಡುಗಿಗೆ ಗೊತ್ತಾಗಿಹೋಗಿದೆ.

ಎರಡು, ಮೂರು, ನಾಲ್ಕು ಎಂದು ಹಾಕುತ್ತ ಓದತೊಡಗಿದಳು, ಒಂದಾದರೂ ಹುಳುಕು ಸಿಗಲಿ ಎಂದು. ‘ದೂರು ನಿಜ. ತಪ್ಪು ನನ್ನದು. ನೀರಿಳಿಯುವ ಹೊತ್ತು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದವರನ್ನು ಕೇಳಲೂ ಇಲ್ಲ’ ಎಂದಿತ್ತು. ನೀರೇರಿದ ಹೊತ್ತಿನಲ್ಲಿ ಮತ್ತೆ ಸಭೆ, ಮೂವತ್ತೊಂದು ಹೆಂಗಸರ ಸಹಿ, ಏಳನೆಯದು ಕಡತದಕ್ಕನ ಸ್ವಂತ ಚಿಕ್ಕಮ್ಮನದು. ಬೇಲಿಯಲ್ಲಿ ಎರಡು ಕಡೆ ದಾರಿ ಬಿಟ್ಟ ನಕ್ಷೆ. ಹುಳುಕಿರಲಿಲ್ಲ. ತಾನಾಗಿದ್ದರೆ ‘ತಪ್ಪು ನನ್ನದು’ ಎಂದು ಬರೆಯುತ್ತಿದ್ದೆನೇ ಎಂದು ಯೋಚಿಸಿದಳು. ಹೊಟ್ಟೆ ಇನ್ನಷ್ಟು ಉರಿಯಿತು.

ಕೊನೆಯ ಹಾಳೆ ಖಾಲಿ. ‘ದೂರುದಾರರಿಗೆ ತೃಪ್ತಿಯಾಗಿದೆಯೇ?’ ಅವಳೇ ತಯಾರಿಸಿದ ನಮೂನೆ. ಅದು ತುಂಬದಿದ್ದರೆ ದೂರು ಬಗೆಹರಿದಂತಲ್ಲ, ತಂಡ ಒಪ್ಪುವುದಿಲ್ಲ. ಹೊಸಬಳು ಮಣ್ಣು ಮುಕ್ಕುತ್ತಾಳೆ. ಜೊತೆಗೆ ಹನ್ನೊಂದು ಕಡತಗಳೂ.

ಗೋಡೆಯುದ್ದಕ್ಕೂ ನಿಂತಿದ್ದ ಆ ಹನ್ನೊಂದನ್ನು ಅವಳು ಬಹಳ ಹೊತ್ತು ನೋಡಿದಳು. ಆಮೇಲೆ ‘ಹೌದು’ ಎಂಬಲ್ಲಿ ಗುರುತು ಹಾಕಿ, ಕೆಳಗೆ ತನ್ನ ಕೈಯಿಂದಲೇ ಬರೆದಳು: ‘ಮುಂದಿನ ಸಲ ಮೊದಲೇ ಕೇಳುವುದು.’ ಹಾಳೆಯನ್ನು ದೂರಿನ ಪೆಟ್ಟಿಗೆಯಲ್ಲಿ ಹಾಕಿ ಮನೆಗೆ ನಡೆದಳು.

ಮರುದಿನ ಬೆಳಿಗ್ಗೆ ಪೆಟ್ಟಿಗೆ ತೆರೆದಾಗ ಆ ಹಾಳೆ ಕಡತದ ಕೊನೆಗೆ ಸೇರಿತು. ಕಡತದಕ್ಕ ಪಕ್ಕದ ಕೋಣೆಯಲ್ಲೇ ಕೂತಳು. ಕರೆ ಬಂದಾಗ ತೆಳ್ಳಗಿನ ಕಡತ ಒಯ್ದುಕೊಟ್ಟಳು. ತಂಡದ ಹಿರಿಯ ಅದನ್ನು ಪುಟ ಬಿಡದೆ ಓದಿ ತಲೆಯೆತ್ತಿದ.

“ದೂರು ಕೊಟ್ಟವರು ಯಾರು?”

“ಅದನ್ನ ಹೇಳೋ ಹಾಗಿಲ್ಲ ಸಾರ್, ನಿಯಮ ಇದೆ” ಎಂದಳು ಹೊಸಬಳು. ಆಮೇಲೆ ಕಡತದಕ್ಕನತ್ತ ಕೈ ತೋರಿಸಿದಳು. “ನಿಯಮ ಬರೆದೋರು ಇವರೇ.”

ಎಲ್ಲರೂ ಅವಳತ್ತ ತಿರುಗಿದರು. ನಿರ್ದೇಶಕರು ಎದ್ದು ಒಂದು ಕುರ್ಚಿ ಎಳೆದರು. ಕಡತದಕ್ಕ ಕೂತಳು. ಎಷ್ಟು ಚೆಂದ ಹೇಳಿಬಿಟ್ಟಳಲ್ಲ, ಈ ಮಾತೂ ಇವಳಿಗೇ ಹೊಳೆಯಬೇಕೇ ಎಂದು ಒಳಗೇ ಕುದಿಯುತ್ತ, ಮೊದಲ ಪ್ರಶ್ನೆಗೆ ಉತ್ತರ ಹೇಳತೊಡಗಿದಳು.