ನಾಲಿನ ಪಾನಾ

ಧೊಂಡಿಬಾ ಪಾಟೀಲನ ತಲೆಯ ಮೇಲಿನ ಬಿಳಿ ಟೋಪಿ ಕಂಡರೆ ನನಗೆ ಹೇಸಿಗೆ. ಎರಡು ತಿಂಗಳ ಹಿಂದೆ ಅದೇ ತಲೆಯ ಮೇಲೆ ರೂಮಿ ಟೋಪಿ ಇತ್ತು. ಯಾರ ಮನೆಯಲ್ಲಿ ಎಷ್ಟು ಜೋಳ ಇದೆ ಎಂದು ರಜಾಕಾರರಿಗೆ ತೋರಿಸಿಕೊಟ್ಟವನು ಅವನೇ. ಪೊಲೀಸ್ ಆ್ಯಕ್ಷನ್ ಆಗಿ ಫೌಜು ಬೀದರಿಗೆ ಬಂದದ್ದೇ ತಡ, ಊಸರವಳ್ಳಿ ಬಣ್ಣ ಬದಲಿಸಿತು. ನಮ್ಮ ಠಾಣಾ ಕುಶನೂರಿನ ಜಹಗೀರದಾರ ಓಡಿಹೋದ, ಅವನ ಮೋಟಾರು ಪಾಟೀಲನ ಪಾಲಾಯಿತು. ಅದನ್ನು ನಡೆಸುತ್ತಿದ್ದ ನಾನೂ ಅದರ ಜೊತೆಗೇ ಪಾಲಾದೆ.

ಪೆಟ್ರೋಲ್ ಸಿಗದೆ ಆ ಮೋಟಾರು ಮಳೆಗಾಲವೆಲ್ಲ ಹುಣಸೆ ಮರದ ಕೆಳಗೆ ನಿಂತಿತ್ತು. ಸೀಟಿನ ಮೇಲೆ ಕೋಳಿ ಹಿಕ್ಕೆ, ಬಾನೆಟ್ಟಿನೊಳಗೆ ಸತ್ತ ಇಲಿ. ನಟ್ಟು ಬಿಚ್ಚುವ ಪಾನಾ, ಹ್ಯಾಂಡಲ್ ಎಲ್ಲ ಊರವರೇ ಹೊತ್ತೊಯ್ದಿದ್ದರು. ಇಂಜಿನ್ನು ತುಕ್ಕು ಹಿಡಿದು ಕಚ್ಚಿಕೊಂಡಿತ್ತು.

“ಏ ವೈಜ್ಯಾ, ಐತಾರ ಬೀದರದಾಗ ಮಿಲಿಟ್ರಿ ಸಾಹೇಬರಿಗಿ ಹಾರ ಹಾಕೋದದ. ಎತ್ತಿನ ಬಂಡ್ಯಾಗ ಹೋದ್ರ ನಮ್ಮ ಕಿಮ್ಮತ್ತು ಏನ್ ಉಳೀತದ? ಆ ನಾಲಬಂದನ್ನ ಕರಿ,” ಎಂದ ಪಾಟೀಲ.

ನಾಲಬಂದ ಅಬ್ದುಲ ಮಜೀದ ಎತ್ತಿನ ಕಾಲಿಗೆ ನಾಲು, ಅಂದರೆ ಲಾಳ, ಹೊಡೆಯುವವನು. ಅವನ ತಮ್ಮ ನಜಮೋದ್ದೀನನನ್ನು ರಜಾಕಾರನೆಂದು ಹಿಡಿದು ಬೀದರ ಜೇಲಿಗೆ ಹಾಕಿದ್ದರು. ಅವನೆಂಥ ರಜಾಕಾರ! ರಜಾಕಾರರು ಊರಿಗೆ ನುಗ್ಗಿದ ದಿನ ನನ್ನ ಹೆಂಡತಿ ಸುಂದರಬಾಯಿಯನ್ನೂ ಎರಡು ಕೂಸುಗಳನ್ನೂ ತನ್ನ ಮನೆಯ ಜೋಳದ ಹಗೇವಿನಲ್ಲಿ ಇಳಿಸಿ, ಮೇಲಿನ ಕಲ್ಲಿನ ಮೇಲೆ ಬೀಡಿ ಸೇದುತ್ತ ಕುಳಿತವನು ಅವನು.

“ಗಾಡಿ ಚಾಲೂ ಮಾಡು ಮಜೀದ. ನಿನ್ನ ತಮ್ಮ ಬೇಕಸೂರ, ಏನೂ ತಪ್ಪು ಮಾಡಿಲ್ಲ ಅಂತ ಸಾಹೇಬರ ಮುಂದ ನಾನೇ ಹೇಳ್ತೇನಿ,” ಎಂದ ಪಾಟೀಲ.

ಮಜೀದ ಅಂದೇ ಕೆಲಸಕ್ಕೆ ಇಳಿದ. ಇಂಜಿನ್ನಿನೊಳಗೆ ಎಣ್ಣೆ ಇಳಿಸಲು ಪ್ಲಗ್ಗು ಬಿಚ್ಚಬೇಕಿತ್ತು; ನಾಲ್ಕರಲ್ಲಿ ಮೂರು ಇಕ್ಕಳಕ್ಕೆ ಬಂದವು. ನಾಲ್ಕನೆಯದು ಜಪ್ಪಯ್ಯ ಎಂದರೂ ಅಲುಗಲಿಲ್ಲ. ಕೈ ಹೋಗದ ಸಂದಿಯಲ್ಲಿ ಕೂತಿತ್ತು. ಅವನ ಹೆಂಡತಿ ಶಾಕಿರಾ ಬೇಗಂ ರೊಟ್ಟಿಗೆ ನಾದಿದ ಹಿಟ್ಟಿನ ಮುದ್ದೆಯೊಂದನ್ನು ತಂದು, ಪ್ಲಗ್ಗಿನ ಮೇಲೆ ಒತ್ತಿ ಮಜೀದ ಅಳತೆ ಹಿಡಿದ. ಸವೆದ ಎರಡು ನಾಲು ಕೆಂಪಗೆ ಕಾಯಿಸಿ ಬಡಿದು, ಆರು ಮೂಲೆಯ ಬಳೆ ಮಾಡಿ, ಬಂಡಿಯ ಕಡೆಗೀಲನ್ನು ಹಿಡಿಕೆಯಾಗಿ ಸೇರಿಸಿದ. ಮೊದಲನೆಯ ಪಾನಾ ಜಾರಿತು, ಎರಡನೆಯದು ಸೀಳಿತು. ಬೆರಳ ಗೆಣ್ಣೆಲ್ಲ ರಕ್ತವಾದರೂ ಮೂರನೆಯದನ್ನು ಬಡಿದ. ಅದು ಕಚ್ಚಿತು, ಪ್ಲಗ್ಗು ಬಂತು. ತೂತಿಗೆ ಕುಸುಬಿ ಎಣ್ಣೆ, ಚಿಮಣಿ ಎಣ್ಣೆ ಸುರಿದು ಎರಡು ದಿನ ಬಿಟ್ಟೆವು. ಆಮೇಲೆ ಗೇರು ಹಾಕಿ ಹಿಂದಕ್ಕೂ ಮುಂದಕ್ಕೂ ಜಗ್ಗಿದೆವು. ಕಡೆಗೊಮ್ಮೆ ಒಳಗೆ ಟಕ್ ಎಂದು ಇಂಜಿನ್ನು ಬಿಟ್ಟುಕೊಂಡಿತು. ಮಜೀದ ನೆಲಕ್ಕೆ ಕೂತು ಅತ್ತುಬಿಟ್ಟ.

ಪಾಟೀಲ ಮೂಗಿಗೆ ಅತ್ತರಿನ ಹತ್ತಿ ಹಿಡಿದುಕೊಂಡು, “ಮದಲ ಕೋಳಿ ಹೇಲು ತೊಳೀರಿ,” ಎಂದ.

ಪಾಟೀಲ ಹೇಗೋ ತರಿಸಿದ ಪೆಟ್ರೋಲಿನಲ್ಲಿ ಐತಾರ ಬೀದರ ಮುಟ್ಟಿದೆವು. ಕಚೇರಿಯಲ್ಲಿ ಹಾರ ಬಿತ್ತು, ಚಹಾ ಬಂತು. ಪಾಟೀಲ ತಾನು ರಜಾಕಾರರ ಎದುರು ನಿಂತ ಕಥೆ ಹೇಳಿದ. ನಾನು ಬಾಗಿಲಲ್ಲಿ ನಿಂತಿದ್ದೆ. ನಿಮ್ಮ ಊರಿನವರು ಯಾರಾದರೂ ತಪ್ಪಾಗಿ ಜೇಲಿನಲ್ಲಿದ್ದಾರೆಯೇ ಎಂದು ಸಾಹೇಬರೇ ಕೇಳಿದರು.

“ಇಲ್ಲ್ರಿ ಸಾಹೇಬ. ನಮ್ಮೂರ ಹೊಲಸೆಲ್ಲ ಒಳಗ ಅದ,” ಎಂದ ಪಾಟೀಲ, ಬಸಿಯಲ್ಲಿ ಚಹಾ ಹೀರುತ್ತ.

ಸಾಹೇಬರು ನನ್ನ ಕಡೆ ನೋಡಿದರು. “ನಿಂದು ಏನಾದರೂ ಇದೆಯಾ?”

ನಾಲಗೆಯ ತುದಿಗೆ ನಜಮೋದ್ದೀನನ ಹೆಸರು ಬಂದಿತ್ತು. ಪಾಟೀಲ ತಿರುಗಿ ನೋಡಿದ. ನಾನು ಉಳುವ ಎರಡು ಎಕರೆ ಅವನದು.

“ಏನಿಲ್ಲ್ರಿ,” ಎಂದೆ.

ಊರು ಮುಟ್ಟಿದಾಗ ಮಜೀದ ಅಗಸಿ ಬಾಗಿಲಲ್ಲೇ ನಿಂತಿದ್ದ. ಮೊದಲು ಇಣುಕಿದ್ದು ಹಿಂದಿನ ಸೀಟಿಗೆ.

“ಹೇಳೀನಪಾ. ಮುಂದಿನ ವಾರ ಬಿಡ್ತಾರ,” ಎಂದು ಪಾಟೀಲ ಇಳಿದು ನಡೆದ.

ಮಜೀದ ನನ್ನ ಮುಖ ನೋಡಿದ. “ಖರೇನ, ಅಣ್ಣಾ?”

“ಹೂಂ,” ಎಂದೆ. ಥೂ, ನನ್ನ ಬಾಳಿಗಿಷ್ಟು. ಪಾಟೀಲನಾದರೂ ಟೋಪಿ ಬದಲಿಸಿದ್ದ, ನನಗೆ ಅದೂ ಬೇಕಾಗಲಿಲ್ಲ.

ಮಜೀದ ಎರಡೂ ಕೈಯಿಂದ ನನ್ನ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡ. ಆಮೇಲೆ ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ನಾಲಿನ ಪಾನಾ ತೆಗೆದ. ಸಾಣೆ ಹಿಡಿದು, ಎಣ್ಣೆ ಹಚ್ಚಿ, ಬಟ್ಟೆಯಲ್ಲಿ ಸುತ್ತಿದ್ದ.

“ಇದು ನಿನ್ನ ಕಡಿ ಇರ್ಲಿ, ಅಣ್ಣಾ. ನಜಮುನ್ನ ಕರ್ಕೊಂಡ ಬರ್ಲಾಕ ನೀನೇ ಹೋಗ್ತಿ. ಹಾದ್ಯಾಗ ಪ್ಲಗ್ಗು ಕೈ ಕೊಟ್ರ ಬೇಕಾಗ್ತದ.”

ನಾನು ಕೈ ಚಾಚಿ ಇಸಿದುಕೊಂಡೆ.