ಕಾಲೆತ್ತಿದರೆ ನಿಲ್ಲದ ಜೀಪು

ರಾಮಣ್ಣನ ಎಲೆಕ್ಟ್ರಿಕ್ ಕಾರು ಬಂದಮೇಲೆ ಶಾಂತಿಗ್ರಾಮದ ಸುತ್ತಮುತ್ತಲಿನ ಟೀ ಅಂಗಡಿಗಳಿಗೆಲ್ಲ ಕಿವಿನೋವು.

"ಬ್ರೇಕ್ ತುಳಿಯೋದೆಲ್ಲ ಅಳೇ ಕಾಲ ಕಣ್ಲಾ. ಎಕ್ಸಲೇಟರಿಂದ ಕಾಲೆತ್ತಿದ್ರೆ ಸಾಕು, ತಾನೇ ನಿಂತ್ಕತದೆ. ಮ್ಯಾಲೆ ಬ್ಯಾಟ್ರಿಗೆ ಕರೆಂಟೂ ವಾಪಸ್ ಬತ್ತದೆ" ಎಂದು ಚನ್ನರಾಯಪಟ್ಟಣದಿಂದ ಹಾಸನದ ತನಕ ಸಾರಿದ್ದ.

ಅಷ್ಟರಲ್ಲಿ ಊರ ಹಾಲಿನ ಡೇರಿಗೆ ಡೈರೆಕ್ಟರ್ ಚುನಾವಣೆ ಬಂತು. ಕಳೆದ ಸಲ ರಾಮಣ್ಣ ಸೋತಾಗ ಸ್ವಂತ ಬೀಗರೇ ನಕ್ಕಿದ್ದರು. ಈ ಸಲ ಆ ಕುರ್ಚಿ ಬೇಕೇಬೇಕು. ಸೆಗಣಿ ಬಾಚುವವರ ವೋಟು ಕೇಳಲು ಹೊಳೆಯುವ ಕಾರಿನಲ್ಲಿ ಹೋಗುವುದುಂಟೆ? ದೊಡ್ಡವರಿಗೆ ಬಡತನ ಬರುವುದು ಐದು ವರ್ಷಕ್ಕೊಮ್ಮೆ, ಅದೂ ಚುನಾವಣೆಯ ವಾರದಲ್ಲಿ. ಕೋಳಿ ಮಲಗುತ್ತಿದ್ದ ಹಳೇ ಜೀಪನ್ನು ತೊಳೆಯದೆ ಹೊರಡಿಸಿದ. ತೊಳೆದರೆ ಸರಳತೆ ಹೋಗಿಬಿಡುತ್ತದಲ್ಲ.

ಬೆಳಗಿನ ಹಾಲು ಅಳೆಯುವ ಹೊತ್ತು. ಹಾಲು ತಂದವರು ಕ್ಯಾನುಗಳನ್ನು ಸಾಲಿಗೆ ನಿಲ್ಲಿಸಿ ತಾವು ಜಗಲಿಯ ಮೇಲೆ ಕೂರುವುದು ಅಲ್ಲಿಯ ರೂಢಿ. ಡೇರಿಯ ಇಳಿಜಾರಿನಲ್ಲಿ ರಾಮಣ್ಣ ಒಂದು ಕೈ ಎತ್ತಿ ನಮಸ್ಕರಿಸುತ್ತ, ಅಭ್ಯಾಸಬಲದಿಂದ ಕಾಲನ್ನೂ ಎತ್ತಿದ. ಜೀಪು ನಿಲ್ಲಲಿಲ್ಲ. ಅದಕ್ಕೆ ಆ ವಿದ್ಯೆ ಯಾರೂ ಕಲಿಸಿರಲಿಲ್ಲ. ಗಾಬರಿಯಲ್ಲಿ ಕಾಲನ್ನು ಇನ್ನೂ ಮೇಲೆತ್ತಿದ. ಜೀಪು ಕ್ಯಾನುಗಳನ್ನೆಲ್ಲ ಮಲಗಿಸಿ, ಡೇರಿ ಮೆಟ್ಟಿಲಿಗೆ ಮೂತಿ ಒರಗಿಸಿ ನಿಂತಿತು. ಊರ ಹಾಲು ಚರಂಡಿ ಹಿಡಿಯಿತು.

ಒಂದೇ ಎಮ್ಮೆಯ ಹಾಲಿನಲ್ಲಿ ಮನೆ ನಡೆಸುವ ಲಕ್ಷ್ಮಿದೇವಮ್ಮ ಚಪ್ಪಟೆಯಾದ ಕ್ಯಾನನ್ನು ಎತ್ತಿಕೊಂಡಳು. "ಕಾಲೆತ್ತಿದ್ರೆ ಕರೆಂಟು ವಾಪಸ್ ಬತ್ತದೆ ಅಂತಿದ್ರಲ್ಲ ಗೌಡ್ರೆ, ಹಾಲೂ ವಾಪಸ್ ಬತ್ತದಾ?"

"ಜೀಪು ಕೆಟ್ಟೋಗೈತೆ ಕಣವ್ವ."

"ಜೀಪು ನೆಟ್ಟಗೈತೆ ಬುಡಿ."

ಅಂದಿನಿಂದ ರಾಮಣ್ಣನಿಗೆ ಬ್ರೇಕಿನದೇ ಧ್ಯಾನ. ಉಣ್ಣುವಾಗಲೂ ಬಲಗಾಲಲ್ಲಿ ನೆಲ ಒತ್ತುತ್ತಿದ್ದ. ವೋಟಿನ ದಿನ ಸರಳತೆ ಹೋದರೆ ಹೋಗಲಿ ಎಂದು ಎಲೆಕ್ಟ್ರಿಕ್ ಕಾರನ್ನೇ ತೆಗೆದ. ಪಕ್ಕದಲ್ಲಿ ಹೆಂಡತಿ ಅನಸೂಯಮ್ಮ. ಆಕೆಯ ಹೆಸರಲ್ಲೂ ಒಂದು ಹಸು, ಒಂದು ವೋಟು ಇತ್ತು. ರೇಷ್ಮೆ ಸೀರೆ ಸುಕ್ಕಾಗುತ್ತದೆಂದು ಬೆಲ್ಟು ಹಾಕಿರಲಿಲ್ಲ.

ಡೇರಿ ಕಂಡಿತು. ಕಾಲೆತ್ತಿದ. ಕಾರು ಪಾಪ, ತಾನಾಗಿಯೇ ನಿಲ್ಲುತ್ತಿತ್ತು. ನಂಬಿಕೆ ಸಾಲದೆ ರಾಮಣ್ಣ ಮೈಭಾರವನ್ನೆಲ್ಲ ಹಾಕಿ ಬ್ರೇಕು ತುಳಿದ. ಅನಸೂಯಮ್ಮನ ಹಣೆ ಮುಂದಕ್ಕೆ ಹೋಗಿ ಡ್ಯಾಶ್‌ಬೋರ್ಡಿಗೆ ಠಣ್ಣೆಂದು ಬಡಿಯಿತು. ಜಗಲಿಯಲ್ಲಿದ್ದವರು ಹಿಂದಿನ ಸಲದ ನೆನಪಿಗೆ ಕ್ಯಾನುಗಳನ್ನು ಎತ್ತಿ ಮಡಿಲಲ್ಲಿಟ್ಟುಕೊಂಡರು.

ಸಂಜೆ ಎಣಿಕೆಯಾದಾಗ ರಾಮಣ್ಣನಿಗೆ ಬಿದ್ದದ್ದು ಒಂದೇ ವೋಟು. ಅದು ತನ್ನದೇ ಎಂದು ಅವನಿಗೆ ಗೊತ್ತಿತ್ತು. ಮನೆಗೆ ಹೋಗುವಾಗ ಹೆಂಡತಿಯತ್ತ ತಿರುಗಿದ. ಆಕೆ ಹಣೆಯ ಬುಗುಟನ್ನು ಸವರಿಕೊಳ್ಳುತ್ತಿದ್ದಳು.

"ನನ್ ಮೊಕ ಏನ್ ನೋಡೀರಿ? ರಸ್ತೆ ನೋಡ್ಕಂಡು ಓಡ್ಸಿ."