ಹಿಂದೆ ಕೂತವಳ ಉಣ್ಣೆ

ಶನಿವಾರ ಸಂಜೆ ಐದರ ಹಡಗಿಗೆ ಬೈಕನ್ನು ಕಳಿಸಿಬಿಡುವುದೆಂದು ಉರ್ಮಾಸ್ ಭಾವ ತೀರ್ಮಾನಿಸಿದ್ದರು. ನಾನು ಆಗಲಿ ಎಂದಿದ್ದೆ. ಅವರ ತಮ್ಮ ಪ್ರೀಟ್, ನನ್ನ ಗಂಡ, ಕಡಲಿಗೆ ಹೋಗಿ ಬಾರದೆ ಉಳಿದು ಹದಿನಾಲ್ಕು ತಿಂಗಳಾಗಿತ್ತು. ಅಂದಿನಿಂದ ನಾನು ಎಲ್ಲದಕ್ಕೂ ಆಗಲಿ ಎನ್ನುತ್ತಿದ್ದೆ. ಅದರಿಂದ ಮಾತು ಬೇಗ ಮುಗಿಯುತ್ತದೆ.

ಬೈಕು ಪ್ರೀಟ್‌ನದು. ಪಕ್ಕದಲ್ಲಿ ಸೈಡ್‌ಕಾರ್ ಇರುವ, ಸೋವಿಯತ್ ಕಾಲದ ಹಳೆಯ ಗಾಡಿ. ನಮ್ಮ ಕಿಹ್ನು ದ್ವೀಪದ ಮನೆಮನೆಗೆ ಅಂಚೆ ಹಂಚುವ ಕೆಲಸ ನನ್ನದು, ಅದರಲ್ಲೇ ಹಂಚುತ್ತಿದ್ದೆ. ಹೋದ ವಾರ ಚರ್ಚಿನ ತಿರುವಿನಲ್ಲಿ ಅದರ ಹಿಂಭಾಗ ಬಾಲ ಆಡಿಸಿದ ಹಾಗೆ ಆಡಿತು. ಭಾವ ಬಂದು ಬಗ್ಗಿ ನೋಡಿದರು. ಹಿಂಚಕ್ರವನ್ನು ಹಿಡಿದಿರುವ ಕಬ್ಬಿಣದ ತೋಳಿನ ಬೆಸುಗೆಯ ಹತ್ತಿರ ಕಂದು ಬಣ್ಣದ ಒಂದು ಗೆರೆ ತೋರಿಸಿದರು.

"ಬಿರುಕು ಬಿಟ್ಟಿದೆ. ಇನ್ನು ಇದು ಗುಜರಿ ಕಣಮ್ಮ. ಆಚೆ ದಡದಲ್ಲಿ ಒಬ್ಬನಿದಾನೆ, ಬಿಚ್ಚಿ ಬಿಡಿಭಾಗ ಮಾಡ್ಕೋತಾನೆ."

ಗಾಡಿ ಹೋದರೆ ಪ್ರೀಟ್‌ನದೆಂದು ಓಡಾಡುವ ವಸ್ತು ಮನೆಯಲ್ಲಿ ಯಾವುದೂ ಉಳಿಯುತ್ತಿರಲಿಲ್ಲ. ನಾನು ಆಗಲಿ ಎಂದೆ.

ಶುಕ್ರವಾರ ಕಮ್ಮಾರಮನೆಯ ಸಾಲ್ಮೆಗೆ ಪತ್ರಿಕೆ ಕೊಡಲು ಹೋದೆ. ಅವಳು ಆಗಲೇ ಬೇಲಿಯ ಹತ್ತಿರ ಬಂದು ನಿಂತಿದ್ದಳು, ಕೈಯಲ್ಲಿ ಅರ್ಧ ಹೆಣೆದ ಕಾಲುಚೀಲ. ಅರವತ್ತೆಂಟು ವರ್ಷ. ದ್ವೀಪದ ಅರ್ಧದಷ್ಟು ಬೈಕುಗಳನ್ನು ಬದುಕಿಸಿದವಳು. ಯಾರ ಬಳಿಯೂ ಕಲಿತದ್ದಲ್ಲ. ಗಂಡಸರು ಕಡಲಿಗೆ ಹೋದರೆ ವಾರಗಟ್ಟಲೆ ಬರುವುದಿಲ್ಲ. ಕೆಟ್ಟ ಬೈಕು ಅಷ್ಟು ದಿನ ಕಾಯುವುದಿಲ್ಲ.

"ಯಾಕೇ, ನಿನ್ನ ಕುದುರೆ ಕುಂಟ್ತಾ ಇದೆ?"

"ತೋಳು ಬಿರುಕು ಬಿಟ್ಟಿದೆಯಂತೆ ದೊಡ್ಡಮ್ಮ. ನಾಳೆ ಹಡಗಿಗೆ."

"ಯಾರಂದ್ರು?"

"ಭಾವ."

"ಉರ್ಮಾಸಾ? ಅವನು ದೋಣಿ ನೋಡಿ ಹೇಳಿದ್ರೆ ನಂಬು. ಚಕ್ರ ಇರೋದನ್ನ ನೋಡಿ ಹೇಳಿದ್ರೆ ನಂಬ್ಬೇಡ. ಬೆಳಿಗ್ಗೆ ತಗೊಂಡು ಬಾ."

ಶನಿವಾರ ಎಂಟಕ್ಕೆ ಹೋದೆ. ಸಾಲ್ಮೆ ಪಟ್ಟೆಪಟ್ಟೆಯ ಉಣ್ಣೆ ಲಂಗದ ತುದಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಬೈಕಿನ ಅಡಿಗೆ ಮರದ ದಿಮ್ಮಿ ಕೊಟ್ಟು, ಹಿಂಚಕ್ರವನ್ನು ನೆಲದಿಂದ ಎತ್ತಿದಳು. ಸ್ಪ್ಯಾನರ್ ಮುಟ್ಟಲಿಲ್ಲ. ಕಾಲುಚೀಲದಿಂದ ಒಂದು ಉಕ್ಕಿನ ಸೂಜಿ ಎಳೆದುಕೊಂಡು, ಚಕ್ರವನ್ನು ನಿಧಾನಕ್ಕೆ ತಿರುಗಿಸುತ್ತ, ಒಂದೊಂದೇ ಕಡ್ಡಿಗೆ ತಟ್ಟುತ್ತ ಹೋದಳು. ಟಿಣ್, ಟಿಣ್, ಟಿಣ್.

"ಕಡ್ಡಿ ಎಲ್ಲ ಒಂದೇ ರಾಗ ಹಾಡ್ತಾ ಇದಾವೆ. ಸಡಿಲ ಆಗಿದ್ರೆ ಡಬ್ ಅಂತಿತ್ತು. ಅವಕ್ಕೆ ಏನೂ ಆಗಿಲ್ಲ."

ಆಕ್ಸಲಿನ ನಟ್ಟು ನೋಡಿದಳು. ಬಿಗಿಯಾಗಿತ್ತು. ಆಮೇಲೆ ಚಕ್ರದ ಮೇಲ್ತುದಿಗೆ ಒಂದು ಕೈ, ಕೆಳತುದಿಗೆ ಒಂದು ಕೈ ಇಟ್ಟು ಎಳೆದು ತಳ್ಳಿದಳು. ಟಕ್. ಮತ್ತೆ ಟಕ್.

"ಆಟ ಇದೆ. ಎಲ್ಲಿದೆ ಅನ್ನೋದೇ ಪ್ರಶ್ನೆ. ಬೆರಳಿಡು ಇಲ್ಲಿ. ಚಕ್ರದ ನಡುವಿನ ಗುಂಬಕ್ಕೂ ತೋಳಿಗೂ ಮಧ್ಯ. ಕಣ್ಮುಚ್ಚು."

"ಕಣ್ಣು ಯಾಕೆ?"

"ಕಣ್ಣು ಸುಳ್ಳು ಹೇಳುತ್ತೆ. ತಾರ್ತು ವಿಶ್ವವಿದ್ಯಾಲಯದಲ್ಲಿ ಐದು ವರ್ಷ ಓದಿದೀಯ, ಇದನ್ನ ಹೇಳ್ಕೊಡ್ಲಿಲ್ವಾ?"

ಮುಚ್ಚಿದೆ. ಅವಳು ಚಕ್ರ ಅಲ್ಲಾಡಿಸಿದಳು. ಬೆರಳಿನ ಒಂದು ಬದಿ ಕದಲಿತು, ಇನ್ನೊಂದು ಬದಿ ಕದಲಲಿಲ್ಲ.

"ಚಕ್ರ ಆಡ್ತಾ ಇದೆ. ತೋಳು ಸುಮ್ನಿದೆ."

"ಹಾಂ. ತೋಳಿಗೆ ಬಿರುಕಿದ್ರೆ, ಬುಡ ಸಡಿಲಾಗಿದ್ರೆ, ಅದೂ ಕುಣೀತಿತ್ತು. ಇದು ಚಕ್ರದ ಹೊಟ್ಟೆನೋವು. ಬೇರಿಂಗು."

ನನಗೆ ಅಷ್ಟು ಸಾಕಿತ್ತು. ಅವಳಿಗೆ ಸಾಕಾಗಲಿಲ್ಲ. ಭಾವ ತೋರಿಸಿದ ಕಂದು ಗೆರೆಯ ಮೇಲೆ ಸೀಮೆಎಣ್ಣೆ ಸವರಿದಳು. ಸ್ವಲ್ಪ ಹೊತ್ತು ಬಿಟ್ಟು ಒಣಬಟ್ಟೆಯಿಂದ ಪೂರ್ತಿ ಒರೆಸಿದಳು. ಹೊಲಿಗೆಯ ಸೀಮೆಸುಣ್ಣವನ್ನು ಪುಡಿ ಮಾಡಿ ಅದರ ಮೇಲೆ ಹಚ್ಚಿದಳು.

"ಬಿರುಕಿದ್ರೆ ಎಣ್ಣೆ ಒಳಗೆ ಹೋಗಿರುತ್ತೆ. ಒಳಗೆ ಹೋದದ್ದು ಹೊರಗೆ ಬರ್ಲೇಬೇಕು, ಸುಣ್ಣದ ಮೇಲೆ ಗೆರೆ ಎಳೀಲೇಬೇಕು. ಬಾ, ಕಾಫಿ ಕುಡಿಯೋಣ. ನೋಡ್ತಾ ಕೂತ್ರೆ ಬರಲ್ಲ ಅದು."

ಕಾಫಿ, ಕಪ್ಪು ರೊಟ್ಟಿ, ಹೊಗೆಯಲ್ಲಿ ಬೇಯಿಸಿದ ಮೀನು. ಅವಳು ತಿನ್ನುವಾಗಲೂ ಹೆಣೆಯುತ್ತಿದ್ದಳು. ನಾನು ಗಡಿಯಾರ ನೋಡಿದೆ. ಅದನ್ನು ಅವಳು ನೋಡಿದಳು. ಅರ್ಧ ಗಂಟೆಯ ನಂತರ ಹೊರಗೆ ಬಂದೆವು. ಸುಣ್ಣ ಬೆಳ್ಳಗೇ ಇತ್ತು.

"ಬಣ್ಣ ಒಡೆದು ತುಕ್ಕು ಇಳಿದಿದೆ, ಅಷ್ಟೇ. ಇದನ್ನ ಒರೆಸ್ಬೇಡ. ಉರ್ಮಾಸ್ ನೋಡ್ಲಿ."

ಚೈನು ಕಳಚಿ, ಆಕ್ಸಲ್ ಎಳೆದು, ಚಕ್ರವನ್ನು ಹೊರತೆಗೆದು ಬೆಂಚಿನ ಮೇಲೆ ಮಲಗಿಸಿದಳು. ಬೇರಿಂಗಿನ ಒಳಗೆ ಕಿರುಬೆರಳು ತೂರಿಸಿ ತಿರುಗಿಸಿದಳು. ಎಡಗಡೆಯದು ನುಣ್ಣಗೆ ತಿರುಗಿತು. ಬಲಗಡೆಯದು ಮರಳು ಬೆರೆತ ಅನ್ನ ಜಗಿದ ಹಾಗೆ ಕರಕರ ಎಂದಿತು. ಸಾಲ್ಮೆ ಅಲ್ಲಿಗೇ ನಿಲ್ಲಿಸಿದಳು. ಬೇರಿಂಗ್ ಕೆಟ್ಟಿದೆ ಎಂದು ತಿಳಿದರೆ ಬೇರೆಯವರು ಕಿತ್ತು ಹೊಸದು ಹಾಕುತ್ತಾರೆ. ಅವಳಿಗೆ ಅದು ಯಾಕೆ ಕೆಟ್ಟಿತು ಎಂದು ಗೊತ್ತಾಗಬೇಕು. ಕನ್ನಡಕ ಹಾಕಿಕೊಂಡು, ಸೂಜಿಯ ತುದಿಯಿಂದ ದೂಳು ತಡೆಯುವ ಬಿಲ್ಲೆಯ ಅಂಚನ್ನು ಕೆದಕಿದಳು. ಕರಿಯ ಜಿಡ್ಡಿನ ಬಳೆಯಂಥದ್ದೊಂದು ಹೊರಬಂತು.

"ಅದೇನು?"

ಅವಳು ಅದನ್ನು ಪೆಟ್ರೋಲಿನ ಬಟ್ಟಲಿನಲ್ಲಿ ಅದ್ದಿ ಅಲುಗಿಸಿದಳು. ಕರಿ ಕರಗಿತು. ಒಳಗಿನಿಂದ ಕೆಂಪು ಬಂತು.

"ಉಣ್ಣೆ. ಚಕ್ರ ಎಳೆ ಎಳೆಯಾಗಿ ಕಿತ್ಕೊಂಡು ಸುತ್ಕೊಂಡಿದೆ. ಇದು ಬಿಲ್ಲೆಯ ತುಟಿ ಬಿಡಿಸ್ತು, ಆ ಸಂದಿಯಲ್ಲಿ ನೀರು ಹೋಯ್ತು, ಮರಳು ಹೋಯ್ತು." ಬಳೆಯನ್ನು ಬೆಳಕಿಗೆ ಹಿಡಿದಳು. "ಕೆಂಪು. ನಡುವೆ ಎರಡು ಹಳದಿ, ಒಂದು ಹಸಿರು. ಇದು ನಿನ್ನ ಮದುವೆ ವರ್ಷದ ಲಂಗ. ಆ ಹಸಿರು ಬಣ್ಣ ಕಟ್ಟೋಕೆ ನೀನು ನನ್ನ ಹಂಡೇನೇ ತಗೊಂಡು ಹೋಗಿದ್ದೆ."

ಹೌದು, ಅದೇ ಲಂಗ. ಗಂಡ ಹೋದ ಮೇಲೆ ನಮ್ಮಲ್ಲಿ ಹೆಂಗಸರು ಕೆಂಪು ಉಡುವುದಿಲ್ಲ. ಕಪ್ಪು, ಕಡುನೀಲಿ. ಕಾಲ ಕಳೆದಂತೆ ಹೊಸ ಲಂಗದಲ್ಲಿ ಒಂದೊಂದೇ ಕೆಂಪು ಪಟ್ಟೆ ಮರಳಿ ಬರುತ್ತದೆ. ನನ್ನ ಮಗ್ಗದಲ್ಲಿ ಇನ್ನೂ ಬಂದಿರಲಿಲ್ಲ.

"ನಾನೇ ಕೆಡಿಸಿದೆ ಹಾಗಾದ್ರೆ," ಎಂದೆ. "ಓಡಿಸಿ ಓಡಿಸಿ."

"ಓಡಿಸಿ ಅಲ್ಲ. ನೋಡು. ಹದಿನಾಲ್ಕು ತಿಂಗಳಿಂದ ಕಪ್ಪು ಉಟ್ಕೊಂಡು ದಿನಾ ಓಡಿಸ್ತಿದೀಯ. ಒಂದೇ ಒಂದು ಕಪ್ಪೆಳೆ ಇದೆಯಾ ಇದರಲ್ಲಿ? ಇಲ್ಲ. ಮುಂದೆ ಕೂತವಳ ಲಂಗ ಈ ಚಕ್ರಕ್ಕೆ ನಿಲುಕಲ್ಲ." ಬಳೆಯನ್ನು ಬೆಂಚಿನ ಮೇಲೆ ಇಟ್ಟಳು. "ಇದು ಹಿಂದೆ ಕೂತವಳ ಉಣ್ಣೆ."

ಸೈಡ್‌ಕಾರಿನಲ್ಲಿ ಯಾವಾಗಲೂ ಬಲೆ ಇರುತ್ತಿತ್ತು, ಇಲ್ಲವೇ ಮೀನು. ಮೀನಿಗೆ ಮೆತ್ತೆ, ಹೆಂಡತಿಗೆ ಹಿಂದಿನ ಸೀಟು ಎಂದು ನಾನು ರೇಗಿಸುತ್ತಿದ್ದೆ. ಲಂಗ ಎತ್ತಿ ಕೂತ್ಕೋ, ಚಕ್ರ ತಿನ್ನುತ್ತೆ ಎಂದು ಅವನು ಹೇಳುತ್ತಿದ್ದ. ತಿನ್ನಲಿ ಬಿಡು ಎನ್ನುತ್ತಿದ್ದೆ.

"ಇದನ್ನೇ ಮತ್ತೆ ಒಳಗೆ ಹಾಕ್ಬಹುದಾ?" ಎಂದು ಕೇಳಿದೆ.

"ಇಲ್ಲ. ಮರಳು ಕೂತಿದೆ," ಎಂದಳು ಸಾಲ್ಮೆ. ಅಷ್ಟೇ ಎಂದದ್ದು ಒಳ್ಳೆಯದಾಯಿತು.

ಹಳೆ ಬೇರಿಂಗಿನ ಅಂಚಿನ ಸಂಖ್ಯೆ ಓದಿದಳು. ಒಳಕೋಣೆಯಿಂದ ಎರಡು ಪೊಟ್ಟಣ ತಂದಳು. ಅದೇ ಸಂಖ್ಯೆ.

"ಬಟ್ಟೆ ಒಗೆಯೋ ಯಂತ್ರಕ್ಕೆ ಅಂತ ತರಿಸಿದ್ದೆ. ಇವು ಬರೋ ಹೊತ್ತಿಗೆ ಅದೇ ಸತ್ತೋಯ್ತು. ಎರಡೂ ಹಾಕೋಣ. ಒಂದು ಕೆಟ್ಟ ಮೇಲೆ ಅದರ ಜೊತೆಯದನ್ನ ನಂಬ್ಬಾರ್ದು."

ಪೊಟ್ಟಣ ಬಿಚ್ಚಿ ಬೇರಿಂಗುಗಳನ್ನು ಚೀಲದಲ್ಲಿ ಸುತ್ತಿ, ಫ್ರೀಜರಿನಲ್ಲಿ ಮೀನಿನ ನಡುವೆ ಹುದುಗಿಸಿದಳು. ಆಮೇಲೆ ಹಬೆಸ್ನಾನದ ಕೋಣೆಯಾದ ಸೌನಾದ ಒಲೆಗೆ ಬೆಂಕಿ ಹಾಕಿದಳು. ಶನಿವಾರ ದ್ವೀಪದ ಎಲ್ಲ ಮನೆಗಳಲ್ಲೂ ಸ್ನಾನಕ್ಕೆ ಸೌನಾ ಕಾಯುತ್ತದೆ. ಕಮ್ಮಾರಮನೆಯಲ್ಲಿ ಮೊದಲು ಒಳಗೆ ಹೋದದ್ದು ಬೈಕಿನ ಚಕ್ರ. ಮೇಲಿನ ಹಲಗೆಯ ಮೇಲೆ, ಹಿರಿಯರು ಕೂರುವ ಜಾಗದಲ್ಲಿ, ಅದನ್ನು ಮಲಗಿಸಿ ಬಾಗಿಲು ಮುಚ್ಚಿದಳು.

"ಕಾದ ಗುಂಬ ಹಿಗ್ಗುತ್ತೆ, ತಣ್ಣಗಾದ ಬೇರಿಂಗು ಕುಗ್ಗುತ್ತೆ. ಸುತ್ತಿಗೆ ತಗೊಂಡು ಬಡಿಯೋರು ಇದಾರೆ. ಬಡಿದ್ರೂ ಹೋಗುತ್ತೆ, ಆದ್ರೆ ಹೋಗೋವಾಗಲೇ ಗಾಯ ಮಾಡ್ಕೊಂಡು ಹೋಗುತ್ತೆ."

ಕಾಯುತ್ತ ಕೂತು, ಹಳೆಯ ಉಣ್ಣೆಬೂಟಿನಿಂದ ದಪ್ಪ ಕಂಬಳಿಯ ಬಳೆಯೊಂದನ್ನು ಕತ್ತರಿಸಿ ಗ್ರೀಸಿನಲ್ಲಿ ನೆನೆಸಿದಳು, ದೂಳು ತಡೆಯುವ ಬಿಲ್ಲೆಯ ಬೆನ್ನಿಗೆ ಇಡಲು. ಅಳತೆಗೆ ಅವಳು ಆಕ್ಸಲಿಗೆ ಬೆರಳು ಸುತ್ತಿದಳು, ಒಮ್ಮೆ ಮಾತ್ರ. ಕತ್ತರಿಸಿದ್ದು ಸರಿಯಾಗಿ ಕೂತಿತು.

ಮೂರೂವರೆಗೆ ಚಕ್ರ ತೆಗೆದೆವು, ದಪ್ಪ ಕೈಗವಸು ತೊಟ್ಟು. ಕಾದ ಗುಂಬದಿಂದ ಹಳೆಯ ಬೇರಿಂಗುಗಳು ಸಲಾಕೆಯ ನಾಲ್ಕು ತಟ್ಟಿಗೇ ಉದುರಿದವು. ಹೊಸದೊಂದನ್ನು ಮೀನಿನ ಮಧ್ಯದಿಂದ ತಂದು ಗುಂಬದ ಬಾಯಿಗಿಟ್ಟಳು. ಅದು ತಾನಾಗಿ ಜಾರಿ, ಟೊಕ್ ಎಂದು ತಳಕ್ಕೆ ಕೂತಿತು. ಅಂಥ ಸದ್ದನ್ನು ನಾನು ಬಹಳ ದಿನಗಳಿಂದ ಕೇಳಿರಲಿಲ್ಲ. ನಡುವೆ ಕಬ್ಬಿಣದ ಸಣ್ಣ ಕೊಳವೆ ಇಟ್ಟು ಎರಡನೆಯದನ್ನು ಬಿಟ್ಟಳು. ಟೊಕ್.

"ಈ ಕೊಳವೆ ಮರೆತು ನಟ್ಟು ಬಿಗಿದ್ರೆ ಎರಡರದೂ ಕತ್ತು ಹಿಸುಕಿದ ಹಾಗೆ. ಇಷ್ಟು ನೆನಪಿಟ್ಕೋ, ಮುಂದಿನ ಸಲ ನೀನೇ ಮಾಡ್ತೀಯ."

ಕಂಬಳಿಯ ಬಳೆಯನ್ನೂ ಬಿಲ್ಲೆಯನ್ನೂ ಕೂರಿಸಿ, ಚಕ್ರ ಏರಿಸಿ, ಚೈನಿನ ಸಡಿಲ ಎರಡು ಬೆರಳಿನಷ್ಟಿದೆಯೇ ಎಂದು ನೋಡಿ, ನಟ್ಟು ಬಿಗಿದು ಪಿನ್ನು ಮಡಿಸುವ ಹೊತ್ತಿಗೆ ಭಾವ ಟ್ರೇಲರ್ ತಗುಲಿಸಿಕೊಂಡು ಅಂಗಳಕ್ಕೆ ಬಂದರು.

"ಏನು ಸಾಲ್ಮೆ, ಹೆಣಕ್ಕೆ ಸ್ನಾನ ಮಾಡಿಸ್ತಿದೀಯಾ?"

"ಬಾರೋ. ಅಲ್ಲಾಡಿಸಿ ನೋಡು."

ಭಾವ ಚಕ್ರ ಹಿಡಿದು ಎಳೆದರು. ತಳ್ಳಿದರು. ಮಂಡಿಯೂರಿ ಮತ್ತೆ ಎಳೆದರು. ಇಡೀ ಬೈಕು ಸೈಡ್‌ಕಾರಿನ ಸಮೇತ ಕದಲಿತು. ಚಕ್ರ ಮಾತ್ರ ತನ್ನ ಜಾಗದಲ್ಲಿ ಕದಲಲಿಲ್ಲ. ಸೀಮೆಸುಣ್ಣದ ಬಿಳಿಯನ್ನು ಬಹಳ ಹೊತ್ತು ನೋಡಿದರು. ಟೋಪಿ ಹಿಂದಕ್ಕೆ ಸರಿಸಿಕೊಂಡರು.

"ಬಿರುಕು ಅಂತ ನಾನಂದಿದ್ದೆ."

"ಹೂಂ, ನೀನು ಅಂದಿದ್ದೆ."

"ಆಚೆ ದಡದವನಿಗೆ ಮಾತು ಕೊಟ್ಟಾಗಿದೆಯಲ್ಲ. ಒಯ್ಯೋಕೆ ಐದರ ಹಡಗಲ್ಲಿ ತಾನೇ ಬರ್ತಿದಾನೆ." ನನ್ನ ಕಡೆ ತಿರುಗಿದರು. ಅವರು ಕೆಟ್ಟವರಲ್ಲ. ತಮ್ಮನ ಗಾಡಿಯ ಸದ್ದು ಬೀದಿಯಲ್ಲಿ ಕೇಳಿದಾಗಲೆಲ್ಲ ಅವರು ಕಿಟಕಿಗೆ ಬಂದು ನಿಲ್ಲುವುದನ್ನು ನಾನು ಕಂಡಿದ್ದೆ. "ಏನಮ್ಮ ಕೈಸಾ? ಕಳಿಸೋಣ ತಾನೇ?"

"ಬೇಡ ಭಾವ. ಕೊಡಲ್ಲ."

ಸಾಲ್ಮೆ ಕೈ ಒರೆಸುತ್ತಿದ್ದವಳು ಒಂದು ಕ್ಷಣ ನಿಲ್ಲಿಸಿ, ಮತ್ತೆ ಒರೆಸತೊಡಗಿದಳು.

ಭಾವ ತಲೆ ಆಡಿಸಿದರು. "ಸರಿ. ಹಡಗುಕಟ್ಟೆಗೆ ಹೋಗಿ ನೀನೇ ಹೇಳು ಅವನಿಗೆ. ನನ್ನ ಮಾತು ಇವತ್ತು ಯಾರೂ ನಂಬಲ್ಲ."

"ಬೈಕಲ್ಲೇ ಹೋಗಿ ಹೇಳ್ತಾಳೆ," ಎಂದಳು ಸಾಲ್ಮೆ. "ನಾನೂ ಬರ್ತೀನಿ. ಹಿಂದೆ ಭಾರ ಇಲ್ಲದೆ ಓಡಿಸಿದ್ರೆ ಅದು ಪರೀಕ್ಷೆಯಲ್ಲ."

"ಸೈಡ್‌ಕಾರು ಖಾಲಿ ಇದೆ ದೊಡ್ಡಮ್ಮ."

"ನಾನೇನು ಮೀನಾ?"

ಅವಳು ಹಿಂದಿನ ಸೀಟಿಗೆ ಹತ್ತಿದಳು. ಅವಳ ಗಂಡ ಹೋಗಿ ಇಪ್ಪತ್ತು ವರ್ಷ. ಲಂಗ ಮುಕ್ಕಾಲು ಪಾಲು ಕೆಂಪಾಗಿತ್ತು. ಅದರ ಅಂಚನ್ನು ಮಡಚಿ ತೊಡೆಯ ಕೆಳಗೆ ಬಿಗಿಯಾಗಿ ಒತ್ತಿಕೊಂಡಳು.

"ನಾನು ನಿನ್ನ ಹಾಗೆ ಬಿಟ್ಕೊಂಡು ಕೂರೋಳಲ್ಲ. ನಡಿ."

ಚರ್ಚಿನ ತಿರುವಿನಲ್ಲಿ ನಾನು ನಿಧಾನ ಮಾಡಿದೆ.

"ಯಾಕೆ ನಿಧಾನ? ಎಳಿ," ಎಂದು ಬೆನ್ನಿಗೆ ಗುದ್ದಿದಳು.

ಎಳೆದೆ. ಹಿಂಭಾಗ ಆಡಲಿಲ್ಲ. ಮರಳಿನ ದಾರಿಯಲ್ಲಿ ಚಕ್ರ ಸದ್ದಿಲ್ಲದೆ ಬಂತು, ಅದರ ಮೇಲೆ ಸಾಲ್ಮೆಯ ಭಾರವೂ. ನನ್ನ ಏಪ್ರನ್ನಿನ ಜೇಬಿನಲ್ಲಿ ಕೆಂಪು ಉಣ್ಣೆಯ ಬಳೆ ಪೆಟ್ರೋಲು ವಾಸನೆ ಬೀರುತ್ತಿತ್ತು. ಹಡಗು ದಡ ಸೇರುವ ಮೊದಲೇ ನಾವು ಕಟ್ಟೆಯ ಮೇಲಿದ್ದೆವು.